ಎರಡನೇ ಸಲ ಪಾಸ್

ಪೂರ್ಣಿಮಾಳಿಗೆ ಸಂಬಳ ಕೊಡುತ್ತಿದ್ದದ್ದೇ ತಪ್ಪು ಮಾಡುವುದಕ್ಕೆ. ಹಿಂದವಾಡಿ ಬಡಾವಣೆಯ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಯಲ್ಲೇಶ ಕೋಡ್ ಬರೆಯುತ್ತಿದ್ದ, ಇವಳು ಅದನ್ನು ಬೀಳಿಸಲು ನೋಡುತ್ತಿದ್ದಳು. ಪರದೇಶದ ಕಂಪನಿಯ ಮೇನ್‌ಫ್ರೇಮ್ ಎಂಬ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ ಹತ್ತಾರು ಯಂತ್ರಗಳಿವೆ ಎಂದು ನಂಬಿಸುವ ಕೋಡ್ ಅದು. ಹಳೆಯ ವಾಡೆಯಲ್ಲಿ ಹತ್ತು ಬಿಡಾರ ಇದ್ದ ಹಾಗೆ. ಒಂದು ಬಿಡಾರದಲ್ಲಿ ಹಾಲು ಉಕ್ಕಿದರೆ ಅವರೇ ಒರೆಸಿಕೊಳ್ಳಬೇಕು, ಪಕ್ಕದವರ ಒಲೆ ಆರಬಾರದು. ಅದಕ್ಕೇ ಪೂರ್ಣಿಮಾ ಬೇಕೆಂದೇ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸುವಳು, ಮೆಮೊರಿಯಲ್ಲಿ ಇಲ್ಲದ ವಿಳಾಸಕ್ಕೆ ಕೈಹಾಕುವಳು. ಪ್ರೊಸೆಸರ್ ‘ಎಕ್ಸೆಪ್ಶನ್’ ಎಂದು ಕೂಗಿದಾಗ ಯಲ್ಲೇಶನ ಕೋಡ್ ಆ ದೂರನ್ನು ಸರಿಯಾದ ಬಿಡಾರಕ್ಕೇ ಮುಟ್ಟಿಸುತ್ತದೋ ಇಲ್ಲವೋ ನೋಡುವಳು.

“ನಿಮ್ಮಷ್ಟು ಕೆಟ್ಟ ಬುದ್ಧಿ ಯಾರಿಗೂ ಇಲ್ಲ ನೋಡ್ರಿ” ಎಂದು ಯಲ್ಲೇಶ ನಗುತ್ತಿದ್ದ. ಮೊದಲು ಕಣ್ಣು ನಗುತ್ತಿತ್ತು, ಆಮೇಲೆ ತುಟಿ. ಆ ನಡುವಿನ ಗಳಿಗೆಗಾಗಿ ಪೂರ್ಣಿಮಾ ಇಡೀ ದಿನ ಕಾಯುತ್ತಿದ್ದಳು.

ಒಂದು ಶುಕ್ರವಾರ ಅವನು ಊರಿನಿಂದ ತಂದ ಕವಳಿಹಣ್ಣನ್ನು ಎಲೆಯಲ್ಲಿ ಕಟ್ಟಿ ಅವಳ ಕೀಬೋರ್ಡಿನ ಪಕ್ಕ ಇಟ್ಟ.

“ಇದೇನ್ರಿ, ಲಂಚ?”

“ಹೌದ್ರಿ. ಇವತ್ತೊಂದಿನರ ನನ್ನ ಪಾಸ್ ಮಾಡ್ರಿ.”

ಚೇಷ್ಟೆಯ ಮಾತು. ಆದರೆ ಅವಳು ಕೊನೆಯ ಟೆಸ್ಟ್ ಓಡಿಸಿದಾಗ ಎಲ್ಲ ಬಿಡಾರಗಳೂ ಒಟ್ಟಿಗೆ ಬಿದ್ದವು. ಮತ್ತೆ ಓಡಿಸಿದಳು, ನಿಂತವು. ಒಮ್ಮೆ ಬಿದ್ದು ಒಮ್ಮೆ ನಿಲ್ಲುವ ತಪ್ಪೇ ಎಲ್ಲಕ್ಕಿಂತ ಕೆಟ್ಟದ್ದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಎರಡನೇ ಸಲದ್ದನ್ನಷ್ಟೇ ಹಿಡಿದು ‘ಪಾಸ್’ ಎಂದು ಒತ್ತಿದಳು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವಳಿಗೆ ಇದ್ದವು, ತಾನಾಗಿ ಮುಚ್ಚಿಕೊಂಡಳು.

ಮುಂದಿನ ವಾರ ಪರದೇಶದವರು ಫೋನಿನಲ್ಲಿದ್ದಾಗಲೇ ಎಲ್ಲ ಬಿಡಾರಗಳೂ ಒಟ್ಟಿಗೆ ಕುಸಿದವು.

“ಕುರಿ ಕಾಯೂದು ಬಿಟ್ಟು ಇಲ್ಲಿಗ್ಯಾಕ ಬಂದಿ?” ಎಂದರು ಮ್ಯಾನೇಜರ್ ಗುರುಪುತ್ರಪ್ಪ, ಎಲ್ಲರೆದುರು.

“ತಪ್ಪು ನಂದ ರೀ ಸರ್” ಎಂದ ಯಲ್ಲೇಶ. “ಪೂರ್ಣಿಮಾ ಅವರು ಬರೊಬ್ಬರಿ ನೋಡಿದ್ರು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಆದರೆ ಬಾಯಿ ಬಿಡಬೇಕಾದವಳು ಅವಳೇ, ಬಿಡಲಿಲ್ಲ. ಯಲ್ಲೇಶ ಬ್ಯಾಗು ತೆಗೆದುಕೊಂಡು ಬೀಡಿ ಎಂಬ ತನ್ನ ಊರಿಗೆ ಹೊರಟುಹೋದ. ಇನ್ನು ಬರುವುದಿಲ್ಲವೆಂದು ಹೇಳಿಯೇ ಹೋದ.

ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಶನಿವಾರ ಗುರುಪುತ್ರಪ್ಪನವರಿಗೆ ಇದ್ದದ್ದು ಹೇಳಿ ಬೈಸಿಕೊಂಡಳು. ನಾಚಿಕೆ ಅಷ್ಟಕ್ಕೆ ತೀರುವಂಥದ್ದಲ್ಲ. ಭಾನುವಾರ ಖಾನಾಪುರದಲ್ಲಿ ಬಸ್ಸು ಬದಲಿಸಿ ಬೀಡಿಗೆ ಬಂದಳು.

ಯಲ್ಲೇಶ ಕುರಿಹಟ್ಟಿಯ ಬೇಲಿ ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಇಷ್ಟು ದೂರ ಯಾಕ ಬಂದ್ರಿ?”

“ಆ ಟೆಸ್ಟ್ ಮೊದಲನೇ ಸಲ ಬಿದ್ದಿತ್ರಿ. ನಾ ಮುಚ್ಚಿಟ್ಟೆ.”

ಅವನ ಕೈಯಲ್ಲಿನ ಹಗ್ಗ ಸಡಿಲಾಯಿತು. “ಯಾಕ?”

“ನಿಮ್ಮ ಮಾರಿ ಸಣ್ಣ ಆಗೂದು ನೋಡಾಕ ಆಗಲಿಲ್ಲ.”

“ಈಗ ಎಲ್ಲಾರೂ ನೋಡಿದ್ರಲ್ಲ.”

ಅವಳು ತಲೆ ತಗ್ಗಿಸಿದಳು.

“ಊರಾಗ ಹೊಗಳತಾರ, ಆಫೀಸಿನ್ಯಾಗ ಬೆನ್ನ ಹಿಂದ ನಗತಾರ” ಎಂದ ಯಲ್ಲೇಶ. “ಇದ್ದದ್ದ ಇದ್ದಂಗ ಹೇಳಾಕಿ ನೀವೊಬ್ಬರ ಅಂತ ತಿಳಕೊಂಡಿದ್ದೆ.”

ಗುರುಪುತ್ರಪ್ಪನವರ ಬೈಗುಳಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾರ ಈಗ ಹೇಳತೀನಿ, ಕೇಳ್ರಿ. ಎರಡು ಎಕ್ಸೆಪ್ಶನ್ ಒಮ್ಮೆಲೇ ಬಂದ್ರ ನಿಮ್ಮ ಕೋಡ್ ಮೊದಲನೇದು ಮರೀತೈತಿ. ನಿನ್ನೆ ಹುಡುಕೀನಿ. ಅದೊಂದು ತಪ್ಪು. ಯಾರದು ಏನು ಅಂತ ಕೇಳದ ಎಲ್ಲಾ ಮೈಮ್ಯಾಲೆ ಹಾಕೊಂಡು ಓಡಿ ಬಂದ್ರಿ, ಅದೂ ತಪ್ಪು. ಮತ್ತ…”

“ಮತ್ತ?”

“ಇಷ್ಟು ದಿನಾ ನನ್ನ ನೋಡಿ ನಕ್ಕಿರಿ, ಬಾಯಿ ಬಿಟ್ಟು ಒಂದ ಮಾತು ಹೇಳಲಿಲ್ಲ. ಅದು ಎಲ್ಲಾದಕ್ಕಿಂತ ದೊಡ್ಡದು.”

ಹೇಳಿದ ಮೇಲೆ ಕಿವಿಯ ತನಕ ಕೆಂಪಾದಳು. ಯಲ್ಲೇಶ ಹಗ್ಗ ಕೆಳಗಿಟ್ಟ. ಅಷ್ಟರಲ್ಲಿ ಅವನ ತಾಯಿ ಮಾಯವ್ವ ಹೊಸ್ತಿಲಿಗೆ ಬಂದಳು.

“ಯಾರೋ ಈಕಿ?”

“ನನ್ನ ತಪ್ಪು ಹಿಡಿಯಾಕಿ, ಅವ್ವಾ.”

“ನನಗಂತೂ ಹಿಡಿದು ಹಿಡಿದು ಸಾಕಾಗೇತಿ” ಎಂದಳು ಮಾಯವ್ವ. “ಬಾ ತಂಗಿ, ಒಳಗ ಬಾ. ರೊಟ್ಟಿ ಬಿಸಿ ಅದಾವು.”

ಯಲ್ಲೇಶ ಪೂರ್ಣಿಮಾಳ ಕಡೆ ಬಾಗಿ ಸಣ್ಣ ದನಿಯಲ್ಲಿ ಕೇಳಿದ: “ಆ ಒಂದು ಮಾತು ಹೇಳೂದೈತಿ. ಅವ್ವ ಒಳಗ ಹೋದ ಮ್ಯಾಲೆ ಹೇಳಲಿ?”

“ಬ್ಯಾಡ್ರಿ” ಎಂದಳು ಪೂರ್ಣಿಮಾ. ತಗ್ಗಿಸಿದ್ದ ತಲೆಯನ್ನು ಈಗ ಎತ್ತಿದ್ದಳು. “ಹೇಳಬೇಕಾದಾಗ ಎಲ್ಲರ ಮುಂದ ಸುಮ್ಮನ ನಿಂತಾಕಿ ನಾ. ನೀವು ಹಂಗ ಮಾಡಬ್ಯಾಡ್ರಿ. ಅವ್ವನ ಮುಂದ ಹೇಳ್ರಿ.”

ಯಲ್ಲೇಶ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಇವಳನ್ನು ನೋಡಿದ. ಆಮೇಲೆ ಹಟ್ಟಿಯ ಕುರಿಗಳಿಗೂ ಕೇಳುವಷ್ಟು ಗಟ್ಟಿಯಾಗಿ ಆ ಒಂದು ಮಾತನ್ನು ಹೇಳಿಬಿಟ್ಟ.