ನಾಲ್ಕನೆಯ ಚುಕ್ಕಿ

ಇವನನ್ನು ಒಳಗೆ ಬಿಡಬೇಕೋ, ಬೇಡವೋ?

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಅವಳು ಅದನ್ನೇ ಯೋಚಿಸುತ್ತಿದ್ದಳು. ಬಿಡಬಾರದೆಂಬ ನಿಯಮವೇನೂ ಇರಲಿಲ್ಲ. ರೋಗಿ ಹೆದರಿದ್ದರೆ ಮೊದಲ ದಿನ ಮನೆಯವರೊಬ್ಬರು ಜೊತೆಗಿರಬಹುದು. ಆದರೆ ಮನೆಯವರು ಅಂದರೆ... ಇಂಥವರಾ?

ಎದುರಿಗೆ ನಿಂತವನ ಎರಡೂ ಕೈಗಳ ತುಂಬ ಹಚ್ಚೆ. ಎಲೆಗಳು, ಹಕ್ಕಿಗಳು, ಎಲ್ಲಿಗೂ ತಲುಪದ ಒಂದು ಮೆಟ್ಟಿಲ ಸಾಲು. ಒಂದು ಬಳ್ಳಿಯಂತೂ ಅಂಗಿಯ ಕಾಲರ್ ದಾಟಿ ಕಿವಿಯ ಹಿಂದಿನವರೆಗೆ ಹಬ್ಬಿತ್ತು.

'ಮೈಗೆ ಮಸಿ ಬಳ್ಕೊಂಡವರು ಮನಸ್ಸಿಗೂ ಬಳ್ಕೊಂಡಿರ್ತಾರೆ.' ಇದು ಅವಳ ಅಮ್ಮನ ಮಾತು. ಬಸ್ಸಿನಲ್ಲಿ ಹಚ್ಚೆಯವರು ಪಕ್ಕಕ್ಕೆ ಬಂದು ಕೂತರೆ ಅಮ್ಮ ಪರ್ಸನ್ನು ಮಡಿಲಿಗೆಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ನೋಡಿ ಇವಳ ಕೈಗೂ ಅದೇ ಅಭ್ಯಾಸವಾಗಿತ್ತು.

"ಇವನು ನನ್ನ ತಂಗಿ ಮಗ, ನಾನೇ ಸಾಕಿದ್ದು," ಎಂದರು ಅವನ ಕೈ ಬಿಗಿಯಾಗಿ ಹಿಡಿದಿದ್ದ ಹೆಂಗಸು. "ಇವನು ಬರ್ಲಿಲ್ಲ ಅಂದ್ರೆ ನಾನೂ ಬರಲ್ಲಮ್ಮ. ಕಾಯಿಲೆ ಜೊತೆನೇ ಹೇಗೋ ಹೊಂದ್ಕೊಂಡು ಹೋಗ್ತೀನಿ."

"ದೊಡ್ಡಮ್ಮಾ..." ಎಂದ ಅವನು. ಅಷ್ಟೇ. ದನಿ ಇಷ್ಟು ಮೆತ್ತಗಿರಬಹುದೆಂದು ಅವಳು ಎಣಿಸಿರಲಿಲ್ಲ.

ಬಾಗಿಲು ತೆರೆದಳು.

ಅವಳದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕಿರಣ ಕೊಡುವ ಯಂತ್ರದ ಕೆಲಸ. ಕಿರಣ ದಿನವೂ ಕೂದಲೆಳೆಯಷ್ಟೂ ತಪ್ಪದೆ ಅದೇ ಜಾಗಕ್ಕೆ ಬೀಳಬೇಕು. ಅದಕ್ಕಾಗಿ ಮೊದಲ ದಿನವೇ ರೋಗಿಯ ಮೈಮೇಲೆ ಸೂಜಿಯಿಂದ ಮೂರು ಶಾಯಿಯ ಚುಕ್ಕಿಗಳನ್ನು ಚುಚ್ಚುತ್ತಾರೆ. ಆಮೇಲೆ ಪ್ರತಿದಿನ ಹಸಿರು ಬೆಳಕಿನ ಗೆರೆಗಳನ್ನು ಆ ಚುಕ್ಕಿಗಳಿಗೆ ಹೊಂದಿಸಿಕೊಂಡೇ ಯಂತ್ರ ನಡೆಸುವುದು. ರೋಗಿಗಳೆಲ್ಲ ಅವಳನ್ನು 'ಚುಕ್ಕಿ ಮೇಡಂ' ಎಂದೇ ಕರೆಯುತ್ತಿದ್ದರು.

ಪರದೆಯ ಆಚೆ ಅವನು ಗೋಡೆಗೆ ಮುಖ ಮಾಡಿ ನಿಂತ. ಈಚೆ ದೊಡ್ಡಮ್ಮ ಮಲಗಿದರು. ಮೊದಲ ಚುಕ್ಕಿಗೆ "ಸ್ಸ್" ಎಂದರು. ಎರಡನೆಯದಕ್ಕೂ "ಸ್ಸ್!"

"ಎರಡು ಬೆರಳಲ್ಲಿ ಚರ್ಮ ಎಳೆದು ಹಿಡಿದ್ರೆ ನೋವು ಕಡಿಮೆ ಆಗುತ್ತೆ ಮೇಡಂ," ಎಂದಿತು ಪರದೆಯಾಚೆಯ ದನಿ.

ಅವಳಿಗೆ ರೇಗಿತು. "ನನ್ನ ಕೆಲಸ ನಂಗೆ ಗೊತ್ತು. ನೀವೇನು ಡಾಕ್ಟರಾ?"

"ಅಲ್ಲ. ನಂದೂ ಇದೇ ಕೆಲಸ... ಹಚ್ಚೆ ಅಂಗಡಿ."

ದೊಡ್ಡಮ್ಮ ಮಲಗಿದಲ್ಲೇ ನಕ್ಕುಬಿಟ್ಟರು. "ನೋಡಮ್ಮ, ಇಷ್ಟು ವರ್ಷ ಇವನ ಸೂಜಿಯಿಂದ ತಪ್ಪಿಸ್ಕೊಂಡು ಓಡಾಡಿದ್ದೆ. ಕೊನೆಗೆ ನಿನ್ನ ಕೈಗೆ ಸಿಕ್ಕಿಬಿದ್ದೆ!"

ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು. ಮೂರನೆಯ ಚುಕ್ಕಿಗೆ ಎರಡು ಬೆರಳಲ್ಲಿ ಚರ್ಮ ಎಳೆದು ಹಿಡಿದಳು.

ದೊಡ್ಡಮ್ಮ ಸದ್ದೇ ಮಾಡಲಿಲ್ಲ.

'ನಾನು ಹೇಳಲಿಲ್ಲವಾ' ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ.

ಇಪ್ಪತ್ತೈದು ದಿನಗಳ ಚಿಕಿತ್ಸೆ. ದಿನವೂ ಹತ್ತೂವರೆಗೆ ಇಬ್ಬರೂ ಬರುತ್ತಿದ್ದರು. ಗೇಟಿನ ಕಾವಲುಗಾರ ಎಲ್ಲರನ್ನೂ ಹಾಗೇ ಬಿಟ್ಟು ಅವನ ಚೀಲವನ್ನು ಮಾತ್ರ ತಪಾಸಣೆ ಮಾಡುತ್ತಿದ್ದ. ಮೂರನೆಯ ದಿನದಿಂದ ಅವನು, ಕೇಳುವ ಮೊದಲೇ, ಚೀಲ ತೆರೆದು ಹಿಡಿಯತೊಡಗಿದ. ಅದನ್ನು ಕಿಟಕಿಯಿಂದ ಕಂಡ ಅವಳಿಗೆ ಏನೋ ಚುಚ್ಚಿದಂತಾಯಿತು. ಏನೆಂದು ತಿಳಿಯಲಿಲ್ಲ.

ದೊಡ್ಡಮ್ಮ ಒಳಗಿರುವಷ್ಟು ಹೊತ್ತು ಅವನು ಮೀನಿನ ತೊಟ್ಟಿಯ ಪಕ್ಕ ಕೂತು, ಪುಟ್ಟ ಪುಸ್ತಕದಲ್ಲಿ ಕಪ್ಪು ಪೆನ್ನಿನಿಂದ ಏನೋ ಬಿಡಿಸುತ್ತಿದ್ದ.

ಒಂದು ದಿನ ಅವಳೇ ಹೋಗಿ ಇಣುಕಿದಳು. ಮೀನಿನ ಒಂದು ರೆಕ್ಕೆ. ಬರೀ ರೆಕ್ಕೆ.

"ಮೀನೆಲ್ಲಿ?"

"ಓಡಾಡ್ತಾ ಇದೆ. ಸಿಕ್ಕಷ್ಟು ಬರ್ಕೊಂಡೆ."

ಅವಳಿಗೆ ನಗು ಬಂತು. "ನಿಮ್ಮ ಕೈಮೇಲಿನ ಮೆಟ್ಟಿಲೂ ಹಾಗೇನಾ? ಅರ್ಧಕ್ಕೇ ನಿಂತಿದೆ..."

ಅವನು ತನ್ನ ತೋಳನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿಕೊಂಡ. "ಎಲ್ಲಿಗೆ ಹೋಗಬೇಕು ಅಂತ ಇನ್ನೂ ಗೊತ್ತಾಗಿಲ್ಲ," ಎಂದ.

ಆ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಮರದಡಿ ನಿಂತಾಗ ಎಲೆಗಳ ನೆರಳು ಅವಳ ಬರಿಗೈಯ ಮೇಲೆ ಬಿತ್ತು. ಗಾಳಿಗೆ ಅಲುಗಿತು. ಥೇಟ್ ಅವನ ಕೈಯಂತೆ... ಅವಳು ತೋಳು ಅಲುಗಿಸದೆ ನಿಂತಳು. ನೆರಳು ಹೋದೀತೆಂಬ ಭಯ! ಬಸ್ಸು ಬಂತು, ಹೋಯಿತು. ಅವಳು ಹತ್ತಲೇ ಇಲ್ಲ.

'ನನಗೇನಾಗಿದೆ?'

ಕಿರಣದ ಕೋಣೆಯ ಚಾವಣಿಗೆ ರೋಗಿಗಳು ನೋಡಲೆಂದು ಆಕಾಶದ ಚಿತ್ರವೊಂದನ್ನು ಹಾಕಿದ್ದರು. ಆರು ವರ್ಷದಿಂದ ಆ ಕೋಣೆಯಲ್ಲಿದ್ದವಳು ಈಗ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ಅದರಲ್ಲಿ ಹಕ್ಕಿಗಳಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಹನ್ನೆರಡನೆಯ ದಿನ ಎಲ್ಲ ಕೆಟ್ಟಿತು.

ದೊಡ್ಡಮ್ಮ ಮಲಗಿದ್ದರು. ಎರಡು ಚುಕ್ಕಿಗಳು ಸರಿ ಹೊಂದಿದವು. ಪಕ್ಕೆಲುಬಿನ ಮೇಲಿನ ಮೂರನೆಯದಕ್ಕೆ ಗೆರೆ ಹೊಂದಿಸಿದರೆ ಯಂತ್ರದ ಲೆಕ್ಕವೇ ಬೇರೆ. ಒಂದು ಬೆರಳಿನಷ್ಟು ವ್ಯತ್ಯಾಸ! ಅವಳು ಬಗ್ಗಿ ನೋಡಿದಳು. ಅದು ಅವಳು ಹಾಕಿದ ಚುಕ್ಕಿಯಲ್ಲ. ಹುಟ್ಟಿನಿಂದ ಇದ್ದ ಒಂದು ಮಚ್ಚೆ. ಅದರ ಮೇಲೆ ಯಾರೋ ಶಾಯಿ ತಿದ್ದಿ ದಪ್ಪ ಮಾಡಿದ್ದರು. ನಿಜವಾದ ಚುಕ್ಕಿ ಮಂಕಾಗಿ ಕೆಳಗಿತ್ತು.

ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿದಳು. ಹತ್ತಿ ನೀಲಿಯಾಯಿತು.

ಗಮನಿಸದೆ ಯಂತ್ರ ನಡೆಸಿದ್ದರೆ? ಆ ಭಯವೇ ಒಂದು ಗಳಿಗೆಯಲ್ಲಿ ಸಿಟ್ಟಾಯಿತು. ಚಿಕಿತ್ಸೆಯನ್ನು ಅಷ್ಟಕ್ಕೇ ನಿಲ್ಲಿಸಿ, ದೊಡ್ಡಮ್ಮನನ್ನು ಒಂದು ಮಾತೂ ಕೇಳದೆ, ಅವಳು ನೇರ ಹೊರಗೆ ಬಂದಳು.

"ಇದು ನಿಮ್ಮ ಅಂಗಡಿ ಅಲ್ಲ!"

ಮೀನಿನ ತೊಟ್ಟಿಯ ಬಳಿ ಕೂತಿದ್ದವನು ಎದ್ದು ನಿಂತ. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಚುಕ್ಕಿ ಮಾಸಿದ್ರೆ ನಂಗೆ ಹೇಳ್ಬೇಕಿತ್ತು. ನೀವ್ಯಾಕೆ ಕೈ ಹಾಕಿದ್ರಿ? ಅದೂ ಮಚ್ಚೆ ಮೇಲೆ! ಕಿರಣ ತಪ್ಪಿ ಎಲ್ಲಿಗೆ ಬೀಳ್ತಿತ್ತು ಗೊತ್ತಾ ನಿಮ್ಗೆ?"

ಅವನ ಬಾಯಿ ತೆರೆಯಿತು. ಅವಳು ಬಿಡಲಿಲ್ಲ.

"ನಮ್ಮಮ್ಮ ಹೇಳೋದು ಸರಿಯಾಗೇ ಇದೆ. ಮೈಗೆ ಮಸಿ ಬಳ್ಕೊಂಡವರು ಮನಸ್ಸಿಗೂ ಬಳ್ಕೊಂಡಿರ್ತಾರೆ!"

ಅವನು ಅವಳನ್ನು ನೋಡಿದ. ಆಮೇಲೆ ಅವಳ ಭುಜದಾಚೆ ನೋಡಿದ. ಅಲ್ಲಿ ಬಾಗಿಲಲ್ಲಿ ದೊಡ್ಡಮ್ಮ ಆಸ್ಪತ್ರೆಯ ನಿಲುವಂಗಿಯ ದಾರ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಅವನು ಬಹಳ ಹೊತ್ತು ಅತ್ತಲೇ ನೋಡಿದ.

ತೆರೆದ ಬಾಯಿ ಮುಚ್ಚಿಕೊಂಡಿತು.

"ಇನ್ಮೇಲೆ ಹಾಗಾಗಲ್ಲ ಮೇಡಂ," ಎಂದ.

ಕಾವಲುಗಾರ ಬಂದು ಅವನ ಪಕ್ಕ ನಿಂತ. "ನಡೀರಿ, ಹೊರಗೆ ಕಾಯೋರಂತೆ." ಅವನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಆ ದಿನ ಮತ್ತೆ ಅಳತೆ ತೆಗೆದು, ಮಾಸಿದ ಚುಕ್ಕಿಯನ್ನು ಹೊಸದಾಗಿ ಹಾಕಿ, ಚಿಕಿತ್ಸೆ ಮುಂದುವರಿಸಿದರು. ಅವನು ಮಾತ್ರ ಮತ್ತೆ ಒಳಗೆ ಬರಲಿಲ್ಲ. ದೊಡ್ಡಮ್ಮನನ್ನು ಗೇಟಿನವರೆಗೆ ಬಿಟ್ಟು, ರಸ್ತೆಯಾಚೆ ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತಿರುತ್ತಿದ್ದ. ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ. ಗುಂಡಿ ಕುತ್ತಿಗೆಯವರೆಗೆ.

ಎಲೆಗಳು, ಹಕ್ಕಿಗಳು ಎಲ್ಲ ಒಳಗೆ ಹೋಗಿದ್ದವು.

'ನಾನು ಹೇಳಿದ್ದು ಸರಿಯೇ,' ಎಂದು ಅವಳು ದಿನವೂ ತನಗೆ ತಾನೇ ಹೇಳಿಕೊಂಡಳು. ಸರಿಯಿದ್ದ ಮಾತನ್ನು ಯಾರಾದರೂ ದಿನವೂ ಹೇಳಿಕೊಳ್ಳುತ್ತಾರೆಯೇ?

ಇಪ್ಪತ್ತೈದನೆಯ ದಿನ ದೊಡ್ಡಮ್ಮ ಒಬ್ಬರೇ ಬಂದರು. ಚಿಕಿತ್ಸೆ ಮುಗಿಯಿತು. ಸೀರೆ ಉಟ್ಟುಕೊಂಡ ಮೇಲೂ ಹೊರಡದೆ ಮಂಚದ ತುದಿಯಲ್ಲಿ ಕೂತರು.

"ಚುಕ್ಕಿ ಮೇಡಂ, ಒಂದು ಹೇಳ್ಲಾ? ಬೈಯಲ್ಲ ತಾನೇ?"

"ಹೇಳಿ ಅಮ್ಮ."

ಅವರು ಚೀಲದಿಂದ ಒಂದು ಪೆನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಕ್ಯಾಪು ಕಳೆದುಹೋದ ಸಾದಾ ನೀಲಿ ಪೆನ್ನು.

"ನಾನೇ ಕಣಮ್ಮ. ಸ್ನಾನ ಮಾಡ್ವಾಗ ನೋಡ್ದೆ, ಚುಕ್ಕಿ ಮಾಸ್ತಾ ಇತ್ತು. ಪೂರ್ತಿ ಅಳಿಸಿಹೋದ್ರೆ ಮಷೀನಿಗೆ ನನ್ನ ಗುರುತೇ ಸಿಗಲ್ಲವೇನೋ ಅಂತ ಎದೆ ಹೊಡ್ಕೊಳ್ತು. ಕನ್ನಡಿ ಮುಂದೆ ನಿಂತು ತಿದ್ದಿದೆ. ಕನ್ನಡಕ ಹಾಕ್ಕೊಂಡಿರ್ಲಿಲ್ಲ..."

ಅವಳು ಆ ಪೆನ್ನಿನಿಂದ ತನ್ನ ಅಂಗೈ ಮೇಲೆ ಒಂದು ಗೆರೆ ಎಳೆದು ನೋಡಿದಳು.

"ಅವತ್ತೇ ಹೇಳ್ಬೇಕಿತ್ತು. ನೀನು ಅಷ್ಟು ಸಿಟ್ಟಲ್ಲಿದ್ದೆ. ಚಿಕಿತ್ಸೆ ನಿಲ್ಲಿಸ್ಬಿಟ್ರೆ ಅಂತ ಭಯ. ಮನೆಗೆ ಹೋಗಿ ಅವನಿಗೆ ಹೇಳ್ದೆ. 'ಗೊತ್ತು ದೊಡ್ಡಮ್ಮ, ಊಟ ಮಾಡು' ಅಂದ. ಅಷ್ಟೇ. ದಿನಾ ಹೇಳೋಣ ಅಂತ ಬರ್ತಿದ್ದೆ, ಇಲ್ಲಿ ಮಲಗಿದ ತಕ್ಷಣ ಧೈರ್ಯ ಜಾರ್ತಿತ್ತು. ಅದಕ್ಕೇ ಇವತ್ತು ಅವನನ್ನ ಬರ್ಬೇಡ ಅಂತ ಅಂಗಡಿಗೆ ಕಳಿಸಿ ಒಬ್ಬಳೇ ಬಂದೆ."

ಹತ್ತಿ ನೀಲಿಯಾಗಿತ್ತು! ಅವನ ಕೈಯಲ್ಲಿ ಅವಳು ಕಪ್ಪು ಬಿಟ್ಟು ಬೇರೆ ಬಣ್ಣದ ಪೆನ್ನು ಕಂಡದ್ದೇ ಇಲ್ಲ. ಅಲ್ಲದೆ, ಚರ್ಮ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟವನು ಮಚ್ಚೆಗೂ ಚುಕ್ಕಿಗೂ ವ್ಯತ್ಯಾಸ ತಿಳಿಯದೆ ತಿದ್ದುತ್ತಾನೆಯೇ? ಎಲ್ಲವೂ ಕಣ್ಣೆದುರೇ ಇತ್ತು. ಅವಳು ನೋಡಿದ್ದು ಅವನ ತೋಳುಗಳನ್ನು ಮಾತ್ರ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಮ್ಮಾ... ಅಂಗಡಿ ಎಲ್ಲಿದೆ?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಕೇಳಲ್ಲವೇನೋ ಅಂದ್ಕೊಂಡಿದ್ದೆ ಕಣೇ!"

ಮಧ್ಯಾಹ್ನ ಕೆಲಸ ಮುಗಿಸಿ ಹೊರಟಾಗ ದಾರಿಯಲ್ಲಿ ಅಮ್ಮನ ಫೋನು. "ಎಲ್ಲಿದ್ದೀಯೇ?"

"ಒಂದು ಹಚ್ಚೆ ಅಂಗಡಿಗೆ ಹೋಗ್ತಿದ್ದೀನಮ್ಮ."

"ಅಯ್ಯೋ! ಪರ್ಸ್ ಹುಷಾರು!"

"ಅವರೇ ನನ್ನಿಂದ ಹುಷಾರಾಗಿರಬೇಕಮ್ಮ," ಎಂದಳು. "ಸಂಜೆ ಬಂದು ಎಲ್ಲ ಹೇಳ್ತೀನಿ."

ಹೊಲಿಗೆ ಅಂಗಡಿಯೊಂದರ ಮೇಲೆ, ಕಿರಿದಾದ ಮೆಟ್ಟಿಲು. ತಲೆಬುರುಡೆಯ ಚಿತ್ರಗಳು, ಹೊಗೆ, ಅಬ್ಬರದ ಹಾಡು... ಇವನ್ನೆಲ್ಲ ಕಲ್ಪಿಸಿಕೊಂಡಿದ್ದಳು. ಬಾಗಿಲು ತಳ್ಳಿದರೆ ಬಿಳಿ ಗೋಡೆ. ಸ್ಪಿರಿಟ್ಟಿನ ವಾಸನೆ. ಕವರು ಒಡೆಯದ ಸೂಜಿಗಳು ಸಾಲಾಗಿ. ಕೈಗವಸಿನ ಡಬ್ಬಿ. ಎಲ್ಲವೂ ಅವಳ ಕೋಣೆಯಂತೆಯೇ!

ಅವನು ಕುರ್ಚಿ ಒರೆಸುತ್ತಿದ್ದ. ಅಂಗಿಯ ತೋಳು ಮಡಚಿದ್ದ. ಹಕ್ಕಿಗಳು ಹೊರಗೆ ಬಂದಿದ್ದವು. ಅವಳನ್ನು ಕಂಡ ಕೂಡಲೇ ಅವನ ಕೈ ತನಗೆ ತಾನೇ ತೋಳನ್ನು ಕೆಳಗೆಳೆಯಲು ಹೋಯಿತು.

"ಬೇಡ!" ಅವಳು ಕೈಯೆತ್ತಿ ತಡೆದಳು. "ದಯವಿಟ್ಟು... ಮುಚ್ಚಬೇಡಿ."

ಅವನ ಕೈ ಅಲ್ಲೇ ನಿಂತಿತು.

ಅವಳು ನೀಲಿ ಪೆನ್ನನ್ನು ಮೇಜಿನ ಮೇಲಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕರಗಿಹೋದವು. ಕಣ್ಣೀರು ಮಾತ್ರ ಉಳಿಯಿತು.

"ತಪ್ಪಾಯ್ತು. ಅಷ್ಟು ಜನರ ಮುಂದೆ... ಅಂಥ ಮಾತು..."

"ಕೂತ್ಕೊಳ್ಳಿ. ನೀರು ಕುಡೀರಿ."

"ಯಾಕೆ ಸುಮ್ಮನಿದ್ರಿ? ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ!"

ಅವನು ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. "ದೊಡ್ಡಮ್ಮಂಗೆ ಬೈಸ್ಕೊಂಡು ಅಭ್ಯಾಸ ಇಲ್ಲ," ಎಂದ. "ನಂಗಿದೆ."

ಅಷ್ಟು ಸಣ್ಣ ಮಾತಿನೊಳಗೆ ಎಷ್ಟು ಗೇಟುಗಳು, ಎಷ್ಟು ತೆರೆದ ಚೀಲಗಳು! ಅವಳು ಕಣ್ಣೊರೆಸಿಕೊಂಡು, ತನ್ನ ಬರಿಗೈಯನ್ನು ಅವನ ಮುಂದೆ ಚಾಚಿದಳು.

"ನಂಗೂ ಒಂದು ಚುಕ್ಕಿ ಹಾಕಿ. ನೋಯ್ಲಿ."

"ಹಾಕಲ್ಲ."

"ಯಾಕೆ?"

"ಅಳ್ತಾ ಬಂದವರಿಗೆ ಅವತ್ತು ಹಾಕಲ್ಲ. ಇದು ಅಂಗಡಿ ನಿಯಮ. ಒಂದು ತಿಂಗಳು ಬಿಟ್ಟು, ಆಗ್ಲೂ ಬೇಕು ಅನ್ನಿಸಿದ್ರೆ ಬರ್ಬೇಕು."

"ಒಂದು ತಿಂಗಳಾ?" ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಮತ್ತೆ... ಹಚ್ಚೆಗೆ ಅಲ್ಲದೆ, ಸುಮ್ನೆ ಬರೋದಾದ್ರೆ?"

ಅವನು ಕಿಟಕಿಯ ಕಡೆ ನೋಡಿದ. ಕಿವಿಯ ಹಿಂದಿನ ಬಳ್ಳಿಯವರೆಗೂ ಕೆಂಪು ಹತ್ತಿತು.

"ಅದಕ್ಕೆ ನಿಯಮ ಮಾಡಿಲ್ಲ," ಎಂದ.

"ಹಾಗಾದ್ರೆ ನಾಳೆ ಬರ್ತೀನಿ."

"ಹತ್ತೂವರೆಗೆ ಬನ್ನಿ. ಆ ಹೊತ್ತಿಗೆ ಕಾಯೋದು ಅಭ್ಯಾಸ ಆಗ್ಬಿಟ್ಟಿದೆ."

"ನಾಳೆ ಭಾನುವಾರ. ನಂಗೆ ರಜೆ."

"ನಂಗೂ," ಎಂದ ಅವನು. "ಆದ್ರೂ ತೆಗೆದಿರ್ತೀನಿ."

ಚಾಚಿದ ಕೈಯನ್ನು ಅವಳು ಇನ್ನೂ ಹಿಂದೆಗೆದಿರಲಿಲ್ಲ. ಅವನು ಅದನ್ನು ಮೆಲ್ಲಗೆ ಹಿಡಿದುಕೊಂಡ. ಕಿಟಕಿಯಾಚೆ ಮರವೊಂದಿತ್ತು. ಎಲೆಗಳ ನೆರಳು ಇಬ್ಬರ ತೋಳುಗಳ ಮೇಲೂ ಒಟ್ಟಿಗೆ ಬಿತ್ತು. ಯಾವುದು ನೆರಳು, ಯಾವುದು ಶಾಯಿ ಎಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ.

ಮುಂದೆ ಅವರಿಬ್ಬರೂ ಎಷ್ಟೋ ಭಾನುವಾರಗಳನ್ನು ಆ ಕಿಟಕಿಯ ಬಳಿ ಮಾತಾಡುತ್ತ ಕಳೆದರು. ಆದರೆ ಆ ನೀಲಿ ಚುಕ್ಕಿ ಹಾಕಿದ್ದು ತಾನಲ್ಲ ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.