ಹನ್ನೊಂದು ದಿನದ ಪೆನ್‌ಡ್ರೈವ್

"ಈ ಪೆನ್‌ಡ್ರೈವ್ ಕೊಟ್ಟ ಮಹಾನುಭಾವ ನೀನೇನಾ?"

ಸಿರಿಯಾದ ಹೋಮ್ಸ್ ಪೇಟೆಯ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ಟೀ ಹೀರುತ್ತಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಲಮೀಸ್‌ಳ ಮುಖ ಕೆಂಡವಾಗಿತ್ತು.

ಬಿಚ್ಚಿಟ್ಟ ಲ್ಯಾಪ್‌ಟಾಪಿನಿಂದ ನವ್ವಾರ್ ತಲೆ ಎತ್ತಲಿಲ್ಲ. "ಕೊಟ್ಟಿದ್ದು ನನ್ನ ತಂಗಿ ಹಲಾಗೆ. ಅವಳ ಟೀಚರಮ್ಮ ನೀವಾ? ಏನಾಯ್ತು?"

"ಆಗೋದೇನು! ಕಂಪೈಲರ್ ಓಡುತ್ತೆ, ಅದಕ್ಕೆ ಬೇಕಾದ ಕೋಡಿನ ಲೈಬ್ರರಿ ಮಾತ್ರ 'ಫೈಲ್ ಸಿಗ್ತಿಲ್ಲ' ಅನ್ನುತ್ತೆ. ಹನ್ನೆರಡು ಕಂಪ್ಯೂಟರಲ್ಲೂ ಒಂದೇ ರಾಗ! ನಾಳೆ ಕ್ಲಾಸ್ ನೋಡೋಕೆ ಸಮಿತಿಯವರು ಬರ್ತಾರೆ. ಹುಡುಗಿಯರ ಪ್ರೋಗ್ರಾಂ ಓಡದಿದ್ರೆ ಕ್ಲಾಸೇ ಮುಚ್ತಾರೆ!"

"ಓಡಿಸಿ ನೋಡೇ ಕಳಿಸಿದ್ದು. ಎಲ್ಲದಕ್ಕೂ ಇದರಿಂದಲೇ ಹಾಕಿದ್ರಾ?"

"ಮೊದಲು ನನ್ನದಕ್ಕೆ. ಅಲ್ಲಿಂದ ಉಳಿದವಕ್ಕೆ. ಎಲ್ಲರೂ ಹಾಗೇ ತಾನೇ ಮಾಡೋದು?"

"ಮಧ್ಯೆ ಕರೆಂಟ್ ಹೋಯ್ತಾ? ಫೈಲ್ ಎಷ್ಟಿವೆ ಎಣಿಸಿದ್ರಾ?"

"ನನಗೇ ಪಾಠ ಹೇಳ್ತೀಯಾ? ಏಳನೇ ಕ್ಲಾಸಿಗೇ ಶಾಲೆ ಬಿಟ್ಟೋನಂತೆ, ಹಲಾ ಹೇಳಿದ್ಲು. ಅಂಥವನನ್ನ ನಂಬಿದ್ದು ನನ್ನ ತಪ್ಪು!"

ಅಯ್ಯೋ... ಯಾಕಾಡಿದೆ ಆ ಮಾತು!

ನವ್ವಾರ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಈಗ ನೇರ ಅವಳ ಕಣ್ಣನ್ನೇ ನೋಡಿದ.

"ಹೌದು, ಬಿಟ್ಟೆ. ಶಾಲೆ ಗೋಡೆ ಬಿತ್ತು, ಅಪ್ಪ ಹೋದರು, ಬಿಟ್ಟೆ. ಸಿರಿಯಾದವರು ಅಂದ್ರೆ ಈ ಸಾಫ್ಟ್‌ವೇರ್ ಕೊಡೋ ಸೈಟು ಮುಖದ ಮೇಲೆ ಬಾಗಿಲು ಹಾಕುತ್ತೆ. ಸುತ್ತುದಾರಿ ಹಿಡಿದು, ಕರೆಂಟ್ ಬಂದಾಗೆಲ್ಲ ಇಷ್ಟಿಷ್ಟೇ ಇಳಿಸಿದ್ದು. ಹನ್ನೊಂದು ದಿನ, ಟೀಚರಮ್ಮ! ನನ್ನ ತಂಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬಾರದು ಅಂತ. ಹೋಗಿ, ಎಣಿಸಿ!"

ಲಮೀಸ್ ತರಗತಿಗೆ ಬಂದು ಎಣಿಸಿದಳು. ಪೆನ್‌ಡ್ರೈವಿನಲ್ಲಿ ಸಾವಿರದ ನೂರ ನಲವತ್ತು ಫೈಲುಗಳು. ಅವಳ ಕಂಪ್ಯೂಟರಿನಲ್ಲಿ... ಆರುನೂರ ಹನ್ನೊಂದು!

ಭಾನುವಾರ ಕಾಪಿ ಆಗುತ್ತಿದ್ದಾಗಲೇ ಕರೆಂಟ್ ಹೋಗಿತ್ತು. ಮತ್ತೆ ಬಂದಾಗ ಫೋಲ್ಡರ್ ಕಂಡಿತ್ತು, ಎಲ್ಲ ಬಂದಿದೆ ಎಂದುಕೊಂಡಿದ್ದಳು. ಆ ಅರ್ಧವನ್ನೇ ಎಲ್ಲ ಕಡೆ ಹಂಚಿದ್ದಳು.

ಪದವಿ ನನ್ನದು... ತಿಳಿವಳಿಕೆ ಅವನದು.

ಅಂಗಡಿಗೆ ಓಡಿದಳು. ಅದೇ ಗಿರಾಕಿಗಳ ಮುಂದೆ, ಅದೇ ಗಂಟಲಲ್ಲಿ ಹೇಳಿದಳು: "ಎಲ್ಲರೂ ಕೇಳಿಸ್ಕೊಳ್ಳಿ! ಇವರ ಕೆಲಸ ಪೂರ್ತಿ ಇತ್ತು. ಅರ್ಧ ಮಾಡಿದ್ದು ನಾನು!"

ಮುದುಕನೊಬ್ಬ ಕಿಸಕ್ಕನೆ ನಕ್ಕ. "ಬಿಡವ್ವ, ಇವತ್ತು ಬುಧವಾರ. ಬುಧವಾರ ಹೋಮ್ಸ್‌ನವರಿಗೆ ತಲೆ ನೆಟ್ಟಗಿರಲ್ಲ ಅಂತ ಇಡೀ ಸಿರಿಯಾನೇ ಆಡ್ಕೊಳ್ಳುತ್ತೆ!"

ನವ್ವಾರ್‌ನ ತುಟಿಯಂಚು ಅದುರಿತು. ಮೂಲೆಯಲ್ಲಿದ್ದ ಕಾರಿನ ಬ್ಯಾಟರಿಗಳತ್ತ ಕೈ ತೋರಿಸಿದ. "ಒಂದನ್ನ ನೀವು ಹಿಡೀರಿ. ಈ ಸಲ ಕರೆಂಟಿನ ಹಂಗೇ ಬೇಡ."

ತರಗತಿಯಲ್ಲಿ ಒಂದೊಂದು ಕಂಪ್ಯೂಟರಿನ ಹಳೆಯ ಫೋಲ್ಡರ್ ಅಳಿಸಿ, ಹೊಸದು ಹಾಕಿ, ಅವನು ಎಣಿಸುತ್ತ ಹೋದ. "ಏನಾಗಿತ್ತು ಅಣ್ಣ?" ಹಲಾ ಕೇಳಿದಳು. "ಕರೆಂಟ್ ಕೈಕೊಡ್ತು, ಅಷ್ಟೇ." ಲಮೀಸ್‌ಳ ಹೆಸರೆತ್ತಲಿಲ್ಲ. ಅವಳು ಮುಂದಿನ ಕಂಪ್ಯೂಟರ್ ಆನ್ ಮಾಡುತ್ತ ಅಂದುಕೊಂಡಳು... ಇಷ್ಟು ಕೋಪದವನಲ್ಲಿ ಇಷ್ಟು ಮೆತ್ತನೆಯ ಮನಸ್ಸೇ?

ಗುರುವಾರ ಹನ್ನೆರಡು ಪರದೆಗಳ ಮೇಲೂ ಪ್ರೋಗ್ರಾಂ ಓಡಿತು!

"ಇದನ್ನೆಲ್ಲ ಹಾಕಿಕೊಟ್ಟಿದ್ದು ಯಾವ ಕಾಲೇಜಿನವರು?" ಸಮಿತಿಯ ಅಧ್ಯಕ್ಷೆ ಕೇಳಿದರು.

ಬಾಗಿಲಾಚೆ ಸರಿಯುತ್ತಿದ್ದ ನವ್ವಾರ್‌ನನ್ನು ಲಮೀಸ್ ಮುಂದೆ ಕರೆದಳು. "ಯಾವ ಕಾಲೇಜೂ ಅಲ್ಲ ಮೇಡಂ. ನಮ್ಮೂರಿನವರು! ಇನ್ಮೇಲೆ ಮೊದಲ ಪಾಠ ಇವರದ್ದೇ. ನಾನೂ ಹುಡುಗಿಯರ ಜೊತೆ ಬೆಂಚಲ್ಲಿ ಕೂತು ಕಲೀತೀನಿ."

ಅಧ್ಯಕ್ಷೆ ನಗುತ್ತ ಸಹಿ ಹಾಕಿದರು. ತರಗತಿ ಉಳಿಯಿತು.

ಎಲ್ಲರೂ ಹೋದ ಮೇಲೆ ಅವನು ವೈರು ಸುತ್ತುತ್ತಿದ್ದ.

"ನವ್ವಾರ್... ನಿಮ್ಮಮ್ಮನ್ನ ನಮ್ಮನೆಗೆ ಕಾಫಿಗೆ ಕಳಿಸ್ತೀರಾ?"

ವೈರು ಕೈಯಿಂದ ಜಾರಿತು. ಹುಡುಗನ ತಾಯಿ ಕಾಫಿಗೆ ಬರುವುದೆಂದರೆ ಹೆಣ್ಣು ಕೇಳಲು ಬಂದಂತೆ!

"ಏಳನೇ ಕ್ಲಾಸಿನವನಿಗಾ?"

"ಹನ್ನೊಂದು ದಿನ ಕಾದವನಿಗೆ."

"ಯಾವತ್ತು... ಬರಲಿ?"

"ಬುಧವಾರ."

"ಬುಧವಾರಾನಾ! ತಲೆ ನೆಟ್ಟಗಿದ್ಯಾ?"

"ನಿನ್ನೆಯಿಂದ ಇಲ್ಲ..." ಎಂದಳು ಲಮೀಸ್.