ಆಯಿಯ ಬಲಗೈ

“ಆಯಿ, ಬಾಯಿ ತೆರಿ.”

ಸೋನಾಲಿ ರೊಟ್ಟಿಯ ಚೂರಿನಲ್ಲಿ ಕಡಲೆಹಿಟ್ಟಿನ ಝುಣಕಾ ಹಿಡಿದು ಮುಂದೆ ಚಾಚಿದಳು. ಆಯಿ ತುತ್ತು ತೆಗೆದುಕೊಂಡಳು. ಜೊತೆಗೆ ಮೊಮ್ಮಗಳ ಬೆರಳನ್ನೂ ಮೆಲ್ಲಗೆ ಕಚ್ಚಿದಳು.

“ಉಪ್ಪು ಕಡಿಮಿ ಐತಿ,” ಅಂದಳು.

“ಝುಣಕಾದಾಗೋ, ನನ್ನ ಬೆರಳಾಗೋ?”

“ಎರಡರಾಗೂ.”

ಸೋನಾಲಿಯ ಮರಾಠಿ ಗೆಳತಿಯರಿಗೆ ಆಯಿ ಎಂದರೆ ಅವ್ವ. ಸೋನಾಲಿಗೆ ಆಯಿ ಎಂದರೆ ಅಪ್ಪನ ಅವ್ವ, ಇಂದ್ರಾಬಾಯಿ. ಅವರ ಗಡಿ ಊರು ಉಟಗಿಯಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೆ, ಈಗ ಹೇಳುವುದಿಲ್ಲ. ಆಯಿ ತಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಟಗರು ಒಂದು ದಿನ ಹಿಂದಿನಿಂದ ಬಂದು ಗುದ್ದಿತು. ಆಯಿ ಬಿದ್ದಳು, ಬಲಗೈ ಮುರಿಯಿತು. ಟಗರಿಗೆ ಯಾರಾದರೂ ಬೈದರೆ ಮಾತ್ರ ಆಯಿಗೆ ಸಿಟ್ಟು ಬರುತ್ತದೆ. “ಆಟ ಆಡಾಕ ಬಂದಿತ್ತು, ಪಾಪ,” ಎನ್ನುತ್ತಾಳೆ.

ಜತ್ತದ ದವಾಖಾನೆಯಲ್ಲಿ ಪ್ಲಾಸ್ಟರ್ ಕತ್ತರಿಸಿದಾಗ ಒಳಗಿನ ಕೈ ನೋಡಿ ಸೋನಾಲಿ ಅತ್ತೇಬಿಟ್ಟಳು. ಎಡಗೈ ಮೊದಲಿನ ಹಾಗೇ ಇತ್ತು. ಬಲಗೈ ಜೋಳದ ದಂಟಿನ ಹಾಗೆ ಸಣ್ಣಗಾಗಿತ್ತು.

“ಎಲುಬು ಚಲೋ ಕೂಡೇತ್ರಿ,” ಅಂದರು ಡಾಕ್ಟರು. “ಇನ್ನ ಸಾವಕಾಶ ಕೆಲಸ ಶುರು ಮಾಡ್ರಿ.”

ಮನೆಯಲ್ಲಿ ಆ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಹುಟ್ಟಿದಾಗಿಂದ ದುಡದಾಳ, ಈಗರೆ ಆರಾಮ ಕುಂದರ್ಲಿ,” ಅಂದ ಅಪ್ಪ ಅಣ್ಣಾರಾಯ. ಹಿಟ್ಟು ನಾದುವ ಪರಾತವನ್ನು ಅವ್ವ ತನ್ನ ಕಡೆಗೆ ಎಳೆದುಕೊಂಡಳು. ಉಳಿದ ಸೇವೆಯೆಲ್ಲ ಸೋನಾಲಿಯ ಪಾಲಿಗೆ ಬಂತು.

ಸೋನಾಲಿಗೆ ಅದು ಭಾಳ ಸೇರಿತು. ಆಯಿಗೆ ತುತ್ತು ಉಣಿಸುವವಳು ಅವಳು. ತಲೆ ಬಾಚುವವಳು, ತಂಬಿಗೆ ಎತ್ತಿ ನೀರು ಕುಡಿಸುವವಳು ಅವಳೇ. “ನಾ ಇಲ್ಲಂದ್ರ ನಮ್ಮ ಆಯಿಗೆ ನಡೆಯಂಗೇ ಇಲ್ಲ,” ಎಂದು ಸಾಲಿಯಲ್ಲಿ ಹೇಳಿಕೊಂಡು ತಿರುಗಿದಳು.

ಆದರೆ ಆಯಿ ಒಂದು ಸಂಜೆ ಅವ್ವ ಇಲ್ಲದಾಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ನೋಡಿದಳು. ಕೈ ಎರಡು ಸಲ ಮೇಲೆದ್ದು ನಡುಗಿತು. ರೊಟ್ಟಿ ನಡುವೆ ಹರಿಯಿತು. “ಈ ಕೈದು ಮುಗೀತು ಬಿಡು,” ಎಂದು ಆಯಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವತ್ತಿನಿಂದ ಅಡುಗೆಮನೆಯ ಕಡೆ ಬರುವುದನ್ನೇ ಬಿಟ್ಟಳು. ನಗುತ್ತಿದ್ದಳು, ಮಾತಾಡುತ್ತಿದ್ದಳು, ಆದರೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗಿ ಕೂರುತ್ತಿದ್ದಳು.

ಮರುವಾರ ಸಾಲಿಯಲ್ಲಿ ನಂದಾ ಮ್ಯಾಡಮ್ ಸ್ನಾಯುಗಳ ಪಾಠ ತೆಗೆದರು.

“ಯಾರ ತೋಳಿನ ಬೆಟಕುಳಿ ದೊಡ್ಡದೈತಿ, ತೋರಸ್ರಿ.”

ಹುಡುಗರೆಲ್ಲ ತೋಳು ಮಡಚಿ ಉಬ್ಬಿಸಿದರು. ಧೀರಜ ಉಸಿರು ಕಟ್ಟಿ ಉಬ್ಬಿಸಿದ್ದರಿಂದ ತೋಳಿಗಿಂತ ಕೆನ್ನೆಯೇ ದೊಡ್ಡದಾಯಿತು. ಎಲ್ಲರೂ ನಕ್ಕರು.

“ನಮ್ಮ ಅಣ್ಣಂದು ನೋಡ್ಬೇಕ್ರಿ ಮ್ಯಾಡಮ್. ಜಿಮ್‌ಗೆ ಹೋಗ್ತಾನ, ಪೌಡರ್ ಕುಡೀತಾನ,” ಅಂದ ಧೀರಜ.

“ಪೌಡರ್ ಕುಡದು ಮಲಕೊಂಡ್ರ ಬೆಳೀತದೇನೋ?”

“ಇಲ್ರಿ. ವಜನ ಎತ್ತತಾನ್ರಿ.”

“ಹಾಂ, ಅದ ಮಾತು. ಈಗ ಎಲ್ಲಾರೂ ಎಡಗೈಯಿಂದ ಬಲತೋಳು ಹಿಡೀರಿ. ಬಲಗೈಯಿಂದ ದಪ್ತರ ಎತ್ರಿ.”

ಸೋನಾಲಿ ತನ್ನ ಪುಸ್ತಕದ ಚೀಲ ಎತ್ತಿದಳು. ಅವಳ ಎಡಗೈ ಕೆಳಗೆ ಏನೋ ಗಿಡ್ಡಗಾಗಿ, ಗಟ್ಟಿಯಾಗಿ ಎದ್ದು ಬಂತು.

ಮ್ಯಾಡಮ್ ಎರಡೂ ಕೈಗಳ ಬೆರಳುಗಳನ್ನು ಎದುರುಬದುರು ಹಿಡಿದರು. “ಸ್ನಾಯುವಿನೊಳಗ ಕೂದಲಕಿಂತ ಸಣ್ಣ ಎಳಿ ಇರ್ತಾವ. ಮಿದುಳಿನಿಂದ ಹುಕುಮ್ ಬಂತಂದ್ರ ಹಿಂಗ ಒಂದರ ನಡುವ ಒಂದು ಸರೀತಾವ.” ಒಂದು ಕೈಯ ಬೆರಳುಗಳು ಇನ್ನೊಂದು ಕೈಯ ಬೆರಳುಗಳ ನಡುವೆ ಜಾರಿದವು. “ಬೆರಳು ಗಿಡ್ಡ ಆಗಲಿಲ್ಲ. ಆದ್ರ ಎರಡೂ ಕೈ ಹತ್ತರ ಬಂದ್ವು. ಸ್ನಾಯು ಹಿಂಗ ಗಿಡ್ಡಾಗಿ ಎಲುಬು ಎಳೀತೈತಿ. ದಿನಾ ಕೆಲಸ ಕೊಟ್ರ ಎಳಿ ದಪ್ಪ ಆಗ್ತಾವ, ಮೈಯಾಗ ಕಸುವು ಬರ್ತೈತಿ. ಕೆಲಸ ಕೊಡಲಿಲ್ಲಂದ್ರ ಸೊರಗ್ತಾವ.”

ಸೋನಾಲಿ ಎದ್ದು ನಿಂತಳು. “ಮ್ಯಾಡಮ್, ಪ್ಲಾಸ್ಟರ್ ಹಾಕಿದ್ರ?”

“ಪ್ಲಾಸ್ಟರ್‌ದಾಗ ಕೈಗೆ ಕೆಲಸ ಎಲ್ಲಿರ್ತೈತವಾ? ಸೊರಗ್ತೈತಿ. ತೆಗೆದ ಮ್ಯಾಲ ಡಾಕ್ಟರ್ ಹೇಳಿದಂಗ ಸಣ್ಣ ಸಣ್ಣ ಕೆಲಸ ಕೊಟ್ರ ತಿರುಗಿ ಬರ್ತೈತಿ.”

“ಎಲ್ಲಾ ಕೆಲಸ ಬ್ಯಾರೆಯವರ ಮಾಡಿಕೊಟ್ರ?”

“ಹಂಗ ಮಾಡಿದ್ರ ಪ್ಲಾಸ್ಟರ್ ತೆಗೆದೂ ತೆಗೀದಂಗ ಆತಲ್ಲ.”

ಸೋನಾಲಿ ಕೂತಳು. ತಂಬಿಗೆ, ಬಾಚಣಿಗೆ, ಝುಣಕಾ ಹಿಡಿದ ತುತ್ತು ಎಲ್ಲ ಕಣ್ಣ ಮುಂದೆ ಬಂದವು. ಆಯಿಯ ಕೈಗೆ ಒಂದು ಕೆಲಸವನ್ನೂ ಅವಳು ಉಳಿಸಿರಲಿಲ್ಲ.

ಸಂಜೆ ಮನೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕೂತಿದ್ದಳು. “ಸೋನಿ, ನೀರು ಕುಡಸವ್ವಾ.”

ಸೋನಾಲಿ ತಂಬಿಗೆಯಲ್ಲಿ ಅರ್ಧ ನೀರು ತಂದು ಆಯಿಯ ಬಲಗೈ ಹತ್ತಿರ ಇಟ್ಟಳು. ಎತ್ತಲಿಲ್ಲ.

“ನೀನ ಕುಡಿ, ಆಯಿ.”

ಆಯಿ ಅವಳ ಮುಖ ನೋಡಿದಳು. ಆಮೇಲೆ ತಂಬಿಗೆ ಹಿಡಿದಳು. ಅದು ಗದ್ದದ ತನಕ ಬಂದು ಓರೆಯಾಗಿ ನೀರು ಸೀರೆಯ ಮೇಲೆ ಚೆಲ್ಲಿತು.

ಅವ್ವ ಒಳಗಿನಿಂದ ಓಡಿ ಬಂದಳು. “ಹುಚ್ಚಿ, ಆಯಿ ಕೈಯಾಗ ತಂಬಿಗಿ ಕೊಡ್ತಾರೇನ? ಕುಡಸಾಕ ನಿನಗ ಬ್ಯಾಸರ ಬಂತಾ?”

“ಬ್ಯಾಸರ ಬರೂದ ಖರೆ ಬಿಡವಾ,” ಆಯಿ ಸಣ್ಣ ದನಿಯಲ್ಲಿ ಅಂದಳು. “ಸಣ್ಣ ಕೂಸು, ಎಷ್ಟು ದಿನ ಮಾಡೀತು.”

ಬೈದಿದ್ದರೆ ಸೋನಾಲಿ ತಡೆದುಕೊಳ್ಳುತ್ತಿದ್ದಳು. ಆ ಸಣ್ಣ ದನಿ ಅವಳಿಗೆ ತಡೆಯಲಾಗಲಿಲ್ಲ. ಅವಳು ಆಯಿಯ ಮಡಿಲಲ್ಲಿ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ದಪ್ತರ, ಧೀರಜನ ಕೆನ್ನೆ, ಸರಿಯುವ ಎಳೆಗಳು ಎಲ್ಲ ಒಂದರ ಮೇಲೊಂದು ಬಂದವು.

“ನಾ ಎಲ್ಲಾ ಮಾಡಿ ಮಾಡಿ ನಿನ್ನ ಕೈ ಕೆಡಿಸೀನಿ, ಆಯಿ.”

“ಕೆಡಸಲಿಲ್ಲ, ಮುದ್ದು ಮಾಡಿದಿ.” ಆಯಿ ಅವಳ ತಲೆ ಸವರಿದಳು, ಎಡಗೈಯಿಂದ.

ಸೋನಾಲಿ ಮೂಗು ಒರೆಸಿಕೊಂಡು ಆ ಎಡಗೈಯನ್ನು ಹಿಡಿದು ಆಯಿಯ ಬಲತೋಳಿನ ಮೇಲೆ ಇಟ್ಟಳು. “ಈಗ ತಂಬಿಗಿ ಎತ್ತು. ಒಳಗ ಏನರೆ ಎದ್ದು ಬಂತಾ?”

ಆಯಿ ತಂಬಿಗೆ ಎತ್ತಿದಳು. ಕಣ್ಣು ಮುಚ್ಚಿ ಎಡಗೈ ಬೆರಳುಗಳಿಂದ ತೋಳನ್ನು ಒತ್ತಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

“ಎದ್ದೈತಿ. ಇಲಿಮರಿಯಷ್ಟು ಐತಿ, ಆದ್ರ ಐತಿ.”

ಅವ್ವನೂ ಬಂದು ಮುಟ್ಟಿ ನೋಡಿದಳು. ಅಪ್ಪ ಹೊಲದಿಂದ ಬಂದ ಮೇಲೆ ಅವನೂ ಮುಟ್ಟಿ ನೋಡಿದ.

ಮರುದಿನದಿಂದ ಆಯಿಯ ಬಲಗೈಗೆ ಕೆಲಸ ಶುರುವಾಯಿತು. ಮೊದಲು ಅರ್ಧ ತಂಬಿಗೆ, ಆಮೇಲೆ ಬಾಚಣಿಗೆ. ಮುಂದೆ ಪರಾತದಲ್ಲಿ ಒಂದು ನಿಂಬೆಹಣ್ಣಿನಷ್ಟು ಹಿಟ್ಟು. ಕೆಲವು ದಿನ ಕೈ ನೋಯುತ್ತಿತ್ತು, ಆಗ ಆಯಿ ಎಲ್ಲರ ಮೇಲೂ ಸಿಡುಕುತ್ತಿದ್ದಳು, ಟಗರಿನ ಮೇಲೆ ಕೂಡ. ಬಾಚಿದ ಕೂದಲು ಒಂದು ಕಡೆ ಸೊಟ್ಟಗಾಗುತ್ತಿತ್ತು. ಸೋನಾಲಿಗೆ ಅದನ್ನು ಸರಿಮಾಡದೆ ಇರುವುದು ಲೆಕ್ಕ ಮಾಡುವುದಕ್ಕಿಂತ ಕಷ್ಟವಾಗುತ್ತಿತ್ತು. ತುತ್ತು ಉಣಿಸಲು ಯಾರೂ ಕರೆಯದಿದ್ದಾಗ ಅವಳಿಗೆ ಸ್ವಲ್ಪ ದುಃಖವೂ ಆಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ಚಳಿ ಶುರುವಾದ ಒಂದು ಸಂಜೆ ಆಯಿ ತಾನಾಗಿ ಒಲೆಯ ಮುಂದೆ ಬಂದು ಕೂತಳು. ಅವ್ವ ಸರಿದು ಜಾಗ ಕೊಟ್ಟಳು. ಸೋನಾಲಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

ತಟ್, ತಟ್, ತಟ್. ಹಿಟ್ಟಿನ ಉಂಡೆ ಅಗಲವಾಯಿತು. ಆಯಿಯ ಹಣೆಯ ಮೇಲೆ ಬೆವರು ಬಂತು. ರೊಟ್ಟಿ ದೊಡ್ಡದಾಗುತ್ತ ಹೋಯಿತು, ಅಂಚಿನಲ್ಲಿ ಒಂದು ಬಿರುಕು ಬಿಟ್ಟಿತು. ಆಯಿ ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ಬಲಗೈ ನಡುಗಿತು.

ಸೋನಾಲಿಯ ತೋಳು ತಾನಾಗಿಯೇ ಬಿಗಿಯಿತು. ಮುಂದೆ ಹೋಗು, ಹಿಡಿ ಎನ್ನುತ್ತಿತ್ತು. ಅವಳು ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟು ಒತ್ತಿ ಹಿಡಿದಳು.

ಆಯಿ ಅವಳ ಕಡೆ ನೋಡಲೂ ಇಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರು ಸವರಿ, ಮುಂದಿನ ಉಂಡೆಗೆ ಕೈ ಚಾಚಿದಳು. ಸೋನಾಲಿ ನಿಧಾನಕ್ಕೆ ಕೈಗಳನ್ನು ಸಡಿಲ ಬಿಟ್ಟು, ಅಲ್ಲೇ ಕೂತು ನೋಡುತ್ತ ಇದ್ದಳು.